ಮನೆಗೆ ಬಂದ ಕೀಮೋ: ಓದುಗರ ಪ್ರಶ್ನೆಗಳಿಗೆ ಸಿಸ್ಟರ್ ಉತ್ತರ

ಕೀಮೋ ವಾರ್ಡಿನಲ್ಲಿ ನರ್ಸ್ ಆಗಿ ನನಗೆ 19 ವರ್ಷ ಆಯಿತು. ಈಗ ಕೆಲವು ವರ್ಷಗಳಿಂದ ನನ್ನ ಕೆಲಸ ಸ್ವಲ್ಪ ಬೇರೆ. ಕೀಮೋ ಮಾತ್ರೆ ತೆಗೆದುಕೊಂಡು ಮನೆಗೆ ಹೋಗುವವರನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳುತ್ತೇನೆ. ಮುಂದಿನ ಸಲ ಅವರು ಬಂದಾಗ ನನ್ನ ಮೊದಲ ಮಾತು, "ಚಪ್ಪಲಿ ಬಿಚ್ಚಿ, ಅಂಗಾಲು ತೋರಿಸಿ." ಏಕೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ಕ್ಯಾಪೆಸಿಟಾಬಿನ್ ಎಂಬ ಮಾತ್ರೆಯ ಬಗ್ಗೆ ಬಂದ ಪತ್ರಗಳನ್ನು ಸಂಪಾದಕರು ನನಗೆ ಕಳಿಸಿದ್ದಾರೆ. ಸ್ತನ ಕ್ಯಾನ್ಸರ್, ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ಗೆ ಹೆಚ್ಚಾಗಿ ಕೊಡುವ ಮಾತ್ರೆ ಇದು. ಝೆಲೋಡಾ ಎಂಬ ಹೆಸರಿನಲ್ಲಿ ಮೊದಲು ಬಂತು, ಈಗ ಬೇರೆ ಹೆಸರುಗಳಲ್ಲೂ ಸಿಗುತ್ತದೆ. ನಾನು ಡಾಕ್ಟರ್ ಅಲ್ಲ. ಡೋಸ್ ಎಷ್ಟು, ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಮನೆಯಲ್ಲಿ ದಿನ ಕಳೆಯುವುದು ಹೇಗೆ ಅನ್ನುವುದನ್ನು ನಾನು ಹೇಳಬಲ್ಲೆ.

ಪ್ರಶ್ನೆ: ಸಿಸ್ಟರ್, ಅಮ್ಮನಿಗೆ ಸ್ತನ ಕ್ಯಾನ್ಸರ್. ಮೊದಲು ಡ್ರಿಪ್ ಹಾಕಿ ಕೀಮೋ ಕೊಟ್ಟಿದ್ದರು. ಈಗ ಕಾಯಿಲೆ ಮೂಳೆಗೆ ಹರಡಿದೆ. "ಇನ್ನು ಮಾತ್ರೆ ಸಾಕು" ಎಂದಿದ್ದಾರೆ. ಮಾತ್ರೆ ಅಂದರೆ ಕಡಿಮೆ ಶಕ್ತಿಯ ಔಷಧಿಯಾ? ಡಾಕ್ಟರ್ ಕೈಬಿಟ್ಟರಾ?
— ಒಬ್ಬ ಮಗಳು

ಉತ್ತರ: ಕೈಬಿಟ್ಟಿಲ್ಲಮ್ಮ. "ಸಾಕು" ಅನ್ನುವ ಆ ಒಂದು ಪದ ನಿಮ್ಮನ್ನು ಹೆದರಿಸಿದೆ. ಅದು ಸಹಜ. ಆದರೆ ಆ ಮಾತ್ರೆಯೊಳಗೆ ಏನಿದೆ ಎಂದು ಗೊತ್ತಾದರೆ ಭಯ ಸ್ವಲ್ಪ ಇಳಿಯುತ್ತದೆ.

1950ರ ದಶಕದಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಇಲಿಯ ಯಕೃತ್ತಿನ ಗಡ್ಡೆ ಯುರಾಸಿಲ್ ಎಂಬ ವಸ್ತುವನ್ನು ಆರೋಗ್ಯವಂತ ಯಕೃತ್ತಿಗಿಂತ ಜಾಸ್ತಿ ಎಳೆದುಕೊಳ್ಳುತ್ತಿತ್ತು. ಜೀವಕೋಶ ತನ್ನ ಆರ್‌ಎನ್‌ಎ ಕಟ್ಟಿಕೊಳ್ಳಲು ಬಳಸುವ ವಸ್ತು ಅದು. ಹಾಗಾದರೆ ಅದಕ್ಕೊಂದು ಫ್ಲೋರಿನ್ ಸೇರಿಸಿ ಕೊಟ್ಟರೆ? ಗಡ್ಡೆ ಅದನ್ನೂ ತನ್ನದೇ ಸಾಮಾನು ಎಂದು ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಬೆಳೆಯಲಾಗದೆ ನಿಲ್ಲುತ್ತದೆ. ಈ ಯೋಚನೆಯಿಂದ 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಜೊತೆಗಾರರು 5-ಎಫ್‌ಯು ಎಂಬ ಔಷಧಿಯನ್ನು ಹೊರತಂದರು. ಇವತ್ತಿಗೂ ಕರುಳಿನ ಕ್ಯಾನ್ಸರ್ ಚಿಕಿತ್ಸೆ ಅದರ ಮೇಲೆಯೇ ನಿಂತಿದೆ.

ತೊಂದರೆ ಏನೆಂದರೆ, 5-ಎಫ್‌ಯು ಬಾಯಿಂದ ಕೊಟ್ಟರೆ ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಹೇಳಲಾಗುವುದಿಲ್ಲ. ರಕ್ತನಾಳಕ್ಕೆ ಕೊಟ್ಟರೆ 10-20 ನಿಮಿಷದಲ್ಲಿ ಅರ್ಧ ಖಾಲಿ. ಅದಕ್ಕೇ 46 ಗಂಟೆ ಪಂಪ್ ಕಟ್ಟಿ ಹನಿಹನಿಯಾಗಿ ಬಿಡುತ್ತೇವೆ. ಆ ಪಂಪನ್ನು ಸೊಂಟಕ್ಕೆ ಕಟ್ಟಿಕೊಂಡು ಮಲಗಲಾರದೆ ಕೂತವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕ್ಯಾಪೆಸಿಟಾಬಿನ್ ಮಾತ್ರೆ ಕರುಳಿನಿಂದ ಹಾಗೇ ರಕ್ತಕ್ಕೆ ಸೇರುತ್ತದೆ. ಮುಂದೆ ಮೂರು ಹಂತದಲ್ಲಿ ಅದರ ರೂಪ ಬದಲಾಗುತ್ತದೆ. ಮೊದಲಿನದು ಯಕೃತ್ತಿನಲ್ಲಿ, ಎರಡನೆಯದು ಯಕೃತ್ತು ಮತ್ತು ಗಡ್ಡೆ ಎರಡರಲ್ಲೂ. ಕೊನೆಯ ಹಂತಕ್ಕೆ ಬೇಕಾದ ಕಿಣ್ವ ಎಷ್ಟೋ ಗಡ್ಡೆಗಳಲ್ಲಿ ಸುತ್ತಲಿನ ಆರೋಗ್ಯವಂತ ಭಾಗಕ್ಕಿಂತ ಜಾಸ್ತಿ ಇರುತ್ತದೆ. ಅಂದರೆ ಡ್ರಿಪ್‌ನಲ್ಲಿ ಹೋಗುತ್ತಿದ್ದ ಅದೇ 5-ಎಫ್‌ಯು, ಈಗ ದೇಹದೊಳಗೆ ತಯಾರಾಗುತ್ತದೆ. ಇದು ಅಪ್ಪಟ ಕೀಮೋ. ಬೇರೆ ಕೀಮೋಗೆ ಬಗ್ಗದೆ ಹರಡಿದ ಸ್ತನ ಕ್ಯಾನ್ಸರ್‌ಗೆಂದೇ 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದು. ನಿಮ್ಮ ಅಮ್ಮನಂಥವರಿಗಾಗಿಯೇ ಬಂದ ಮಾತ್ರೆ. ಇನ್ನೊಂದು ಮಾತು, ಇದರಲ್ಲಿ ತಲೆಕೂದಲು ಪೂರ್ತಿ ಉದುರುವುದು ಅಪರೂಪ. ಅಮ್ಮನಿಗೆ ಹೇಳಿ.

ಪ್ರಶ್ನೆ: ನನ್ನದು ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್. ಮೊದಲು ಕೀಮೋ, ಆಮೇಲೆ ಆಪರೇಷನ್ ಆಯಿತು. ತೆಗೆದ ಭಾಗದಲ್ಲಿ ಇನ್ನೂ ಸ್ವಲ್ಪ ಕ್ಯಾನ್ಸರ್ ಉಳಿದಿತ್ತಂತೆ. ಎಲ್ಲ ತೆಗೆದ ಮೇಲೂ ಎಂಟು ಸೈಕಲ್, ಅಂದರೆ ಎಂಟು ಸುತ್ತು, ಮಾತ್ರೆ ಏಕೆ?
— ಶಾಲಾ ಶಿಕ್ಷಕಿ

ಉತ್ತರ: ಮೊದಲ ಕೀಮೋಗೆ ಜಗ್ಗದೆ ಉಳಿದ ಕಣಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಬೇರೆಲ್ಲೋ ಇರಬಹುದು ಎಂಬ ಕಾರಣಕ್ಕೆ. ಜಪಾನ್ ಮತ್ತು ಕೊರಿಯಾದಲ್ಲಿ ನಿಮ್ಮ ಹಾಗೆ ಆಪರೇಷನ್ ನಂತರ ಕಾಯಿಲೆ ಉಳಿದಿದ್ದ, ಹರ್-2 ನೆಗೆಟಿವ್ (ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನ್ ಜಾಸ್ತಿ ಇಲ್ಲದ) ಆಗಿದ್ದ 910 ಜನರ ಮೇಲೆ ಒಂದು ಅಧ್ಯಯನ ನಡೆಯಿತು. 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ ಟ್ರಿಪಲ್ ನೆಗೆಟಿವ್, ಅಂದರೆ ಹರ್-2 ಜೊತೆಗೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನ್‌ಗಳ ಗ್ರಾಹಕಗಳೂ ನೆಗೆಟಿವ್ ಇದ್ದವರನ್ನೇ ನೋಡಿದರೆ, ಈ ಮಾತ್ರೆ ತೆಗೆದುಕೊಂಡ 100 ಜನರಲ್ಲಿ ಸುಮಾರು 79 ಮಂದಿ ಐದು ವರ್ಷದ ನಂತರ ಬದುಕಿದ್ದರು. ತೆಗೆದುಕೊಳ್ಳದವರಲ್ಲಿ ಸುಮಾರು 70. ಆ ಒಂಬತ್ತು ಜನರಲ್ಲಿ ನೀವೂ ಒಬ್ಬರಾಗಲಿ ಎಂದೇ ನಿಮ್ಮ ಡಾಕ್ಟರ್ ಇದನ್ನು ಬರೆದಿರುವುದು.

ಪ್ರಶ್ನೆ: ಅಪ್ಪನಿಗೆ ದೊಡ್ಡ ಕರುಳಿನ ಆಪರೇಷನ್ ಆಗಿದೆ. ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು ಮಾತ್ರೆ. ಪಕ್ಕದ ಹಾಸಿಗೆಯಲ್ಲಿದ್ದವರಿಗೆ ಅಷ್ಟೊಂದು ಇರಲಿಲ್ಲ. ಎಂಟು ಮಾತ್ರೆ ಜಾಸ್ತಿ ಆಗಲ್ವಾ? ಒಂದು ಹೊತ್ತು ಮರೆತರೆ ಏನು ಮಾಡುವುದು?
— ಮಗ

ಉತ್ತರ: ಈ ಮಾತ್ರೆಯ ಲೆಕ್ಕ ಎತ್ತರ ಮತ್ತು ತೂಕದ ಮೇಲೆ. ಎರಡನ್ನೂ ಸೇರಿಸಿ ದೇಹದ ಮೇಲ್ಮೈ ಎಷ್ಟು ಚದರ ಮೀಟರ್ ಎಂದು ತೆಗೆಯುತ್ತಾರೆ. 160 ಸೆಂ.ಮೀ. ಎತ್ತರ, 58 ಕೆ.ಜಿ. ತೂಕ ಇದ್ದರೆ ಅದು ಸುಮಾರು 1.6. ಈ ಮಾತ್ರೆ ಒಂದನ್ನೇ ಕೊಡುವಾಗ ಪೂರ್ತಿ ಡೋಸ್ ಅಂದರೆ ಚದರ ಮೀಟರ್‌ಗೆ 1250 ಮಿ.ಗ್ರಾಂ., ದಿನಕ್ಕೆ ಎರಡು ಹೊತ್ತು. ಗುಣಿಸಿದರೆ ಒಂದು ಹೊತ್ತಿಗೆ 2000 ಮಿ.ಗ್ರಾಂ., ಅಂದರೆ 500ರ ನಾಲ್ಕು ಮಾತ್ರೆ. ನಿಮ್ಮ ಅಪ್ಪನ ಲೆಕ್ಕವೂ ಹೀಗೇ ಬಂದಿರಬೇಕು. ಜೊತೆಗೆ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋದ ಡ್ರಿಪ್ ಇದ್ದರೆ ಸಾಮಾನ್ಯವಾಗಿ 1250 ಬದಲು 1000. ಗುದನಾಳಕ್ಕೆ ರೇಡಿಯೇಷನ್ ನಡೆಯುವಾಗ 825. ಪಕ್ಕದವರಿಗೆ ಕಡಿಮೆ ಇದ್ದದ್ದು ಇಂಥ ಯಾವುದೋ ಕಾರಣಕ್ಕೆ. ಹೋಲಿಸಲು ಹೋಗಬೇಡಿ.

ಮಾತ್ರೆ ಸಾಮಾನ್ಯವಾಗಿ 150 ಮತ್ತು 500 ಎಂದು ಎರಡು ಅಳತೆಯಲ್ಲಿ ಬರುತ್ತದೆ. ಸ್ಟ್ರಿಪ್ ಕೈಗೆ ಬಂದ ಕೂಡಲೇ ಯಾವುದು ಯಾವುದು ಎಂದು ನೋಡಿಕೊಳ್ಳಿ. 150ರ ಜಾಗದಲ್ಲಿ 500 ನುಂಗಿದರೆ ದೊಡ್ಡ ಅನಾಹುತ. ನಾನು ಪ್ರತಿ ಪೊಟ್ಟಣದ ಮೇಲೆ ದಪ್ಪ ಪೆನ್ನಿನಲ್ಲಿ "ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು" ಎಂದು ಬರೆದೇ ಕೊಡುವುದು.

ಊಟವಾದ ಅರ್ಧ ಗಂಟೆಯೊಳಗೆ ನೀರಿನ ಜೊತೆ ನುಂಗಬೇಕು. ಎರಡು ಹೊತ್ತಿನ ನಡುವೆ ಸುಮಾರು 12 ಗಂಟೆ ಇರಲಿ. ಮುರಿಯಬಾರದು, ಪುಡಿ ಮಾಡಬಾರದು. ನುಂಗಲು ಕಷ್ಟವಾದರೆ ನಮಗೆ ಹೇಳಿ. ಸಾಮಾನ್ಯವಾಗಿ 14 ದಿನ ಮಾತ್ರೆ, 7 ದಿನ ಬಿಡುವು. ಇಪ್ಪತ್ತೊಂದಕ್ಕೆ ಒಂದು ಸೈಕಲ್. ಆ ಏಳು ದಿನ ಸುಮ್ನೆ ಬಿಟ್ಟದ್ದಲ್ಲ. ಕರುಳಿನ ಒಳಪದರ, ರಕ್ತದ ಕಣ, ಚರ್ಮ ಚೇತರಿಸಿಕೊಳ್ಳುವುದು ಆಗಲೇ. ಕ್ಯಾಲೆಂಡರಿನಲ್ಲಿ ಮಾತ್ರೆ ದಿನಕ್ಕೆ ಸುತ್ತು ಹಾಕಿ, ಬಿಡುವಿನ ದಿನಕ್ಕೆ ಅಡ್ಡಗೆರೆ ಎಳೆಯಿರಿ.

ಒಂದು ಹೊತ್ತು ಮರೆತರೆ ಅದು ಹೋಯಿತು. ಮುಂದಿನ ಹೊತ್ತಿಗೆ ಎಂದಿನ ಡೋಸ್ ಮಾತ್ರ. ಎರಡು ಪಟ್ಟು ಬೇಡ. ನುಂಗಿದ ಮೇಲೆ ವಾಂತಿಯಾದರೂ ಅಷ್ಟೇ, ಮತ್ತೆ ನುಂಗಬೇಡಿ. ಎಷ್ಟು ಒಳಗೆ ಹೋಗಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಪ್ರಶ್ನೆ: ಮೂರನೇ ಸೈಕಲ್‌ನ ಎಂಟನೇ ದಿನ ನನಗೆ ಭೇದಿ ಶುರುವಾಯಿತು. ದಿನಕ್ಕೆ ಐದಾರು ಸಲ. ಕೋರ್ಸ್ ಪೂರ್ತಿ ಮಾಡಲೇಬೇಕು ಎಂದು ಮನೆಯವರು ಹೇಳಿದ್ದರಿಂದ ಹಲ್ಲು ಕಚ್ಚಿ 14 ದಿನವೂ ನುಂಗಿದೆ. ಈಗ ತುಂಬ ಸುಸ್ತು. ನಾನು ಮಾಡಿದ್ದು ಸರಿಯಾ?
— ಹೆಸರು ಬೇಡ

ಉತ್ತರ: ಸರಿಯಲ್ಲ. ಆದರೆ ತಪ್ಪು ನಿಮ್ಮದಲ್ಲ. ಮೊದಲು ಈ ಪತ್ರಿಕೆ ಕೆಳಗಿಟ್ಟು ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ, ಆಮೇಲೆ ಉಳಿದದ್ದು ಓದಿ.

ಇದನ್ನು ನಾನು ಏಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬರಿಗೆ ನಾನೇ ತಪ್ಪು ಹೇಳಿದ್ದೆ. ಐವತ್ತು ದಾಟಿದ, ತುಂಬ ಶಿಸ್ತಿನ ಮನುಷ್ಯ. "ಒಂದೇ ಒಂದು ಮಾತ್ರೆನೂ ತಪ್ಪಿಸಬೇಡಿ" ಎಂದು ಹೇಳಿ ಕಳಿಸಿದೆ. ಯಾವಾಗ ನಿಲ್ಲಿಸಬೇಕು ಎಂದು ಹೇಳಿದ್ದೆ, ಆದರೆ ಅವಸರದಲ್ಲಿ, ಕೊನೆಗೆ, ಅವರು ಎದ್ದು ನಿಂತ ಮೇಲೆ. ಅವರು ಐದು ದಿನ ಭೇದಿಯ ನಡುವೆಯೂ ನುಂಗಿದರು. ಆರನೇ ದಿನ ಗಾಲಿಕುರ್ಚಿಯಲ್ಲಿ ಬಂದರು. ನೀರು ಬತ್ತಿ ಕಿಡ್ನಿ ಕೆಲಸ ಕುಗ್ಗಿತ್ತು. ಬಾಯಿ ತುಂಬ ಹುಣ್ಣು. ನನ್ನನ್ನು ನೋಡಿ ಕಷ್ಟಪಟ್ಟು ಹೇಳಿದ್ದು, "ಸಿಸ್ಟರ್, ಒಂದೂ ತಪ್ಪಿಸಿಲ್ಲ." ಹನ್ನೊಂದು ದಿನ ಒಳಗಿದ್ದು ಚೇತರಿಸಿಕೊಂಡರು. ಡೋಸ್ ಇಳಿಸಿ ಮತ್ತೆ ಶುರು ಮಾಡಿದರು, ಸೈಕಲ್ ಮುಗಿಸಿದರು. ಆದರೆ ಆ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ಅವತ್ತಿನಿಂದ ನಾನು ಮಾತು ಶುರು ಮಾಡುವುದೇ ನಿಲ್ಲಿಸುವುದರಿಂದ.

ಆ್ಯಂಟಿಬಯೋಟಿಕ್‌ನಲ್ಲಿ ಕೋರ್ಸ್ ಪೂರ್ತಿ ಮಾಡಬೇಕು ಎಂದು ಎಲ್ಲರೂ ಕಲಿತಿದ್ದೇವೆ, ಅಲ್ವಾ? ಆ ಪಾಠವನ್ನು ಇಲ್ಲಿಗೆ ತರಬಾರದು. ಡ್ರಿಪ್ ಕೀಮೋದಲ್ಲಿ ಔಷಧಿ ಹಾಕುವ ಮುಂಚೆ ನರ್ಸ್ ಮುಖ ನೋಡುತ್ತಾಳೆ, ರಕ್ತಕಣಗಳ ಕೌಂಟ್ ನೋಡುತ್ತಾಳೆ, ಬೇಡ ಅನ್ನಿಸಿದರೆ ಡಾಕ್ಟರನ್ನು ಕರೆಯುತ್ತಾಳೆ. ಮನೆಯಲ್ಲಿ ದಿನಕ್ಕೆ ಎರಡು ಸಲ ಆ ಕೆಲಸ ನಿಮ್ಮದು. ಮಾತ್ರೆ ಕೈಗೆ ತೆಗೆದುಕೊಂಡಾಗಲೆಲ್ಲ "ಇವತ್ತು ನುಂಗಬಹುದಾ" ಎಂದು ನೋಡಿಕೊಳ್ಳಬೇಕು.

ನಿಲ್ಲಿಸಿ ಫೋನ್ ಮಾಡಬೇಕಾದ್ದು ಯಾವಾಗ ಎಂದರೆ: ಎಂದಿಗಿಂತ ನಾಲ್ಕು ಸಲ ಜಾಸ್ತಿ ಭೇದಿಯಾದರೆ, ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ. ದಿನದಲ್ಲಿ ಎರಡು ಸಲ ಅಥವಾ ಅದಕ್ಕಿಂತ ಜಾಸ್ತಿ ವಾಂತಿಯಾದರೆ. ವಾಕರಿಕೆಯಿಂದ ಊಟ ತೀರಾ ಇಳಿದರೆ. ಬಾಯಿ ಹುಣ್ಣು ನೋವು ಕೊಟ್ಟರೆ. ಕೈಕಾಲು ನೋಯುವಷ್ಟು ಕೆಂಪಾದರೆ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಹೊರಡಿ, ಬಿಳಿ ರಕ್ತಕಣ ಬಿದ್ದಿರಬಹುದು. ಎದೆನೋವು ಬಂದರೆ ಫೋನಿಗೂ ಕಾಯದೆ ಎಮರ್ಜೆನ್ಸಿಗೆ ಹೋಗಿ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಅಲ್ಲಿ ಹೇಳಿ. ಕೆಲವರಿಗೆ ಇದರಿಂದ ಹೃದಯದ ರಕ್ತನಾಳ ಬಿಗಿದುಕೊಳ್ಳುತ್ತದೆ.

ನಿಲ್ಲಿಸಿದ ದಿನಗಳ ಮಾತ್ರೆಯನ್ನು ಆಮೇಲೆ ಸೇರಿಸಿ ನುಂಗುವುದಿಲ್ಲ. ಉಳಿದದ್ದನ್ನು ವಾಪಸ್ ತನ್ನಿ. ಉಳಿದ ಸ್ಟ್ರಿಪ್ ತಂದವರನ್ನು ನಾವು ಬೈಯುವುದಿಲ್ಲ.

ಪ್ರಶ್ನೆ: ಅಂಗೈ, ಅಂಗಾಲು ಕೆಂಪಾಗಿ ಉರಿಯುತ್ತಿದೆ. ಪಾತ್ರೆ ಹಿಡಿಯಲಾಗುವುದಿಲ್ಲ. ಮೊನ್ನೆ ಬೆರಳಚ್ಚಿನ ಯಂತ್ರವೂ ನನ್ನ ಬೆರಳನ್ನು ಗುರುತಿಸಲಿಲ್ಲ. ಇದು ಅಲರ್ಜಿಯಾ?
— ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು

ಉತ್ತರ: ಚಪ್ಪಲಿ ಬಿಚ್ಚಿಸುವುದು ಇದಕ್ಕೇ. ಅಲರ್ಜಿ ಅಲ್ಲ, ಮಾತ್ರೆಯದೇ ಪರಿಣಾಮ. ಇದನ್ನು ಹ್ಯಾಂಡ್-ಫುಟ್ ಸಿಂಡ್ರೋಮ್ ಎನ್ನುತ್ತಾರೆ. ಈ ಮಾತ್ರೆ ತೆಗೆದುಕೊಳ್ಳುವ ಅರ್ಧಕ್ಕಿಂತ ಹೆಚ್ಚು ಜನರಿಗೆ ಯಾವುದೋ ಮಟ್ಟದಲ್ಲಿ ಬರುತ್ತದೆ. ಮೊದಲ ಸೈಕಲ್‌ನಲ್ಲೇ ಬರಬಹುದು, ತಿಂಗಳುಗಳ ನಂತರವೂ ಬರಬಹುದು.

ಶುರುವಿನಲ್ಲಿ ಜುಮುಗುಟ್ಟುತ್ತದೆ, ಮರಗಟ್ಟಿದ ಹಾಗೆ, ಸ್ವಲ್ಪ ಕೆಂಪು. ನೋವಿಲ್ಲ. ಆ ಹಂತದಲ್ಲಿ ಕ್ರೀಮ್ ಹಚ್ಚುತ್ತಾ ಮುಂದುವರಿಸುತ್ತೇವೆ. ಎರಡನೇ ಹಂತದಲ್ಲಿ ನೋವು, ಊತ ಬರುತ್ತದೆ, ಗುಂಡಿ ಹಾಕಿಕೊಳ್ಳಲು, ನಡೆಯಲು ತೊಂದರೆ. ನೀವು ಇಲ್ಲಿದ್ದೀರಿ. ಪಾತ್ರೆ ಹಿಡಿಯಲಾಗದಿದ್ದರೆ ಮಾತ್ರೆ ನಿಲ್ಲಿಸಿ ಇವತ್ತೇ ಫೋನ್ ಮಾಡಿ. ಮೂರನೆಯದು ಗುಳ್ಳೆ, ಚರ್ಮ ಸುಲಿದು ಹುಣ್ಣು. ಅಲ್ಲಿಯವರೆಗೆ ಹೋಗಲು ಬಿಡಬಾರದು. ಎರಡನೇ ಹಂತದಲ್ಲಿ ನಿಲ್ಲಿಸಿದರೆ ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯಲು ಶುರುವಾಗುತ್ತದೆ.

ತಡೆಯಲು ಏನು ಮಾಡಬಹುದು? ಮೊದಲ ದಿನದಿಂದಲೇ, ಏನೂ ಇಲ್ಲದಿರುವಾಗಲೇ, ದಿನಕ್ಕೆ ಎರಡು ಮೂರು ಸಲ ದಪ್ಪ ಕ್ರೀಮ್ ಹಚ್ಚಿ. 10 ಶೇಕಡಾ ಯೂರಿಯಾ ಇರುವುದನ್ನು ನಮ್ಮ ಡಾಕ್ಟರು ಬರೆಯುತ್ತಾರೆ. ಬಿಸಿ ನೀರು ಬೇಡ. ಬಟ್ಟೆ ಹಿಂಡುವುದು, ಬಿಗಿ ಷೂ, ಬರಿಗಾಲು, ದೂರದ ನಡಿಗೆ, ಒಂದೇ ಜಾಗ ಉಜ್ಜುವ ಯಾವ ಕೆಲಸವೂ ಬೇಡ. ವಿಟಮಿನ್ ಬಿ-6 ಮಾತ್ರೆಯನ್ನು ಬಹಳ ಕಾಲ ಕೊಡುತ್ತಿದ್ದರು, ಸರಿಯಾಗಿ ಪರೀಕ್ಷೆ ಮಾಡಿ ನೋಡಿದಾಗ ಅದರಿಂದ ತಡೆಯಾಗಲಿಲ್ಲ.

ಈಚೆಗೆ ನನಗೆ ತುಂಬ ಖುಷಿ ಕೊಟ್ಟ ಸುದ್ದಿ ಬೇರೆ ಇದೆ. ಮಂಡಿನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಗೊತ್ತಲ್ಲ, 1 ಶೇಕಡಾದ್ದು. ದೆಹಲಿಯ ಏಮ್ಸ್ ವೈದ್ಯರು 264 ಜನರಲ್ಲಿ ಅದನ್ನು ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದರು. ಜೆಲ್ ಹಚ್ಚಿದವರಲ್ಲಿ ಎರಡನೇ ಅಥವಾ ಮೂರನೇ ಹಂತದ ತೊಂದರೆ ಬಂದದ್ದು 3.8 ಶೇಕಡಾ ಜನರಿಗೆ. ಔಷಧಿಯಿಲ್ಲದ ಜೆಲ್ ಹಚ್ಚಿದವರಲ್ಲಿ 15 ಶೇಕಡಾ. ನಿಮಗೆ ಅದು ಹೊಂದುತ್ತದಾ ಎಂದು ಡಾಕ್ಟರನ್ನು ಕೇಳಿ. ಒಡೆದ ಚರ್ಮಕ್ಕೆ ನೀವಾಗಿಯೇ ಹಚ್ಚಬೇಡಿ.

ಬೆರಳಚ್ಚಿನ ವಿಷಯ ನಿಜ. ಬೆರಳ ತುದಿಯ ಗೆರೆಗಳು ಅಳಿಸಿದಂತಾಗುತ್ತವೆ. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಸಿಂಗಪುರದ ಒಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಸಿಗದೆ ತಡೆದು ಕೂರಿಸಿದ್ದನ್ನು 2009ರಲ್ಲಿ ಅವರ ವೈದ್ಯರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಡಾಕ್ಟರಿಂದ ಒಂದು ಪತ್ರ ಬರೆಸಿಕೊಂಡು ಚೀಲದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಒಬ್ಬರಿಗೆ ಮೊದಲ ವಾರವೇ ಐಸಿಯು ಸೇರುವಷ್ಟಾಯಿತು, ಇನ್ನೊಬ್ಬರಿಗೆ ಎಂಟು ಸೈಕಲ್ ಆರಾಮಾಗಿ ಮುಗಿಯಿತು. ಒಂದೇ ಮಾತ್ರೆ ಹೀಗೇಕೆ?
— ಫಾರ್ಮಸಿ ವಿದ್ಯಾರ್ಥಿ

ಉತ್ತರ: ಕಾರಣಗಳು ಹಲವು, ಮುಖ್ಯವಾದದ್ದು ಡಿಪಿಡಿ ಎಂಬ ಕಿಣ್ವ. ದೇಹಕ್ಕೆ ಸೇರಿದ 5-ಎಫ್‌ಯುನಲ್ಲಿ 80 ಶೇಕಡಾಕ್ಕಿಂತ ಜಾಸ್ತಿ ಭಾಗವನ್ನು ಒಡೆದು ಹೊರಹಾಕುವುದು ಇದೇ. ಕೆಲವರಿಗೆ ಹುಟ್ಟಿನಿಂದ ಇದು ಕಡಿಮೆ, ತೀರಾ ಅಪರೂಪಕ್ಕೆ ಇಲ್ಲವೇ ಇಲ್ಲ. ಅಂಥವರಲ್ಲಿ ಎಂದಿನ ಡೋಸ್ ಕೂಡ ವಿಷವಾಗುತ್ತದೆ. ಚಿಕಿತ್ಸೆ ಶುರುವಾಗುವ ಮುಂಚೆ ಇದರ ಪರೀಕ್ಷೆ ಮಾಡಬೇಕು ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಹೇಳಿತು. ನನ್ನನ್ನು ಕೇಳಿದರೆ, ಎಲ್ಲ ಕಡೆಯೂ ಇದು ಆಗಬೇಕು. ರೋಗಿಗಳು "ಡಿಪಿಡಿ ಪರೀಕ್ಷೆ ಮಾಡಿಸಬಹುದಾ" ಎಂದು ಕೇಳಲು ಸಂಕೋಚಪಡಬಾರದು. ಯೂರಿಡಿನ್ ಟ್ರೈಅಸಿಟೇಟ್ ಎಂಬ ಪ್ರತಿ-ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಕೊನೆಯ ಮಾತ್ರೆ ನುಂಗಿದ 96 ಗಂಟೆಯೊಳಗೆ ಅದನ್ನು ಕೊಡಬೇಕು. ಮೊದಲ ವಾರದಲ್ಲೇ ಜೋರಾಗಿ ತೊಂದರೆ ಬಂದರೆ ಕಾಯಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಮಾವನವರು ರಕ್ತ ತೆಳುವಾಗಿಸುವ ಮಾತ್ರೆ, ಜೊತೆಗೆ ಶಕ್ತಿಗೆಂದು ವಿಟಮಿನ್ ತೆಗೆದುಕೊಳ್ಳುತ್ತಾರೆ. ಮುಂದುವರಿಸಬಹುದಾ?
— ಸೊಸೆ

ಉತ್ತರ: ರಕ್ತ ತೆಳುವಾಗಿಸುವ ಮಾತ್ರೆ ವಾರ್ಫರಿನ್ ಆಗಿದ್ದರೆ ಇವತ್ತೇ ಡಾಕ್ಟರಿಗೆ ತಿಳಿಸಿ. ಎರಡೂ ಸೇರಿದರೆ ರಕ್ತಸ್ರಾವ ಜೀವಕ್ಕೇ ಕುತ್ತಾಗಬಹುದು. ಐಎನ್‌ಆರ್ ಎಂಬ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪರೀಕ್ಷೆ ಪದೇಪದೇ ಬೇಕು, ಅಥವಾ ಬೇರೆ ಔಷಧಿಗೆ ಬದಲಾಯಿಸುತ್ತಾರೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ವಿಟಮಿನ್ ಡಬ್ಬಿಯ ಮೇಲೆ ಫೋಲಿಕ್ ಆಸಿಡ್ ಇದೆಯಾ ನೋಡಿ. ಅದು ಈ ಕೀಮೋದ ಅಡ್ಡಪರಿಣಾಮವನ್ನು ಹೆಚ್ಚಿಸಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್ ಇದ್ದರೂ ಹೇಳಿ. ಸರ್ಪಸುತ್ತಿಗೆ ಕೆಲವು ದೇಶಗಳಲ್ಲಿ ಕೊಡುವ ಬ್ರಿವುಡಿನ್ ಮಾತ್ರ ಇದರ ಜೊತೆ ಸೇರಲೇಬಾರದು, ಸಾವುಗಳಾಗಿವೆ. ಪಟ್ಟಿ ಬರೆಯುವ ಗೋಜು ಬೇಡ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಸುರಿದು ತಂದು ನಮ್ಮ ಮುಂದಿಡಿ.

ಪ್ರಶ್ನೆ: ಮನೆಯಲ್ಲಿ ಮೂರು ವರ್ಷದ ಮಗು ಇದೆ. ಅಜ್ಜಿ ಮಾತ್ರೆ ತೆಗೆದುಕೊಳ್ಳುವಾಗ ಮಗುವನ್ನು ದೂರ ಇಡಬೇಕಾ?
— ತಾಯಿ

ಉತ್ತರ: ಅಜ್ಜಿಯಿಂದ ಬೇಡ, ಮಾತ್ರೆಯಿಂದ ದೂರ ಇಡಿ. ಅಪ್ಪಿಕೊಳ್ಳಲಿ, ಪಕ್ಕದಲ್ಲಿ ಮಲಗಲಿ. ಮಾತ್ರೆ ಮಾತ್ರ ಮಗುವಿನ ಕೈಗೆ ಎಟುಕದ ಜಾಗದಲ್ಲಿ, ಬೇರೆ ಮಾತ್ರೆಗಳ ಜೊತೆ ಬೆರೆಸದೆ ಇರಲಿ. ಅಜ್ಜಿಗೆ ನೀವು ಮಾತ್ರೆ ತೆಗೆದುಕೊಡುವುದಾದರೆ ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಗರ್ಭಿಣಿಯರು ಮುಟ್ಟುವುದೇ ಬೇಡ. ವಾಂತಿ, ಮಲ ಮೂತ್ರ ಒರೆಸುವಾಗಲೂ ಗ್ಲೌಸ್ ಇರಲಿ.

ಪ್ರಶ್ನೆ: ಹೆಂಡತಿಗೆ ಐದನೇ ಸೈಕಲ್. ಡಾಕ್ಟರ್ ಡೋಸ್ ಇಳಿಸಿಬಿಡುತ್ತಾರೆ, ಆಮೇಲೆ ಔಷಧಿ ಹಿಡಿಯಲ್ಲ ಎಂಬ ಭಯದಿಂದ ಯಾವ ತೊಂದರೆಯನ್ನೂ ಹೇಳುವುದಿಲ್ಲ. ಮನೆಯಲ್ಲಿ ದಿನವಿಡೀ ಕಾಲುಚೀಲ ಹಾಕಿಕೊಂಡೇ ಇರುತ್ತಾಳೆ.
— ಗಂಡ

ಉತ್ತರ: ಕಾಲುಚೀಲದ ಮಾತು ಬರೆದದ್ದು ಒಳ್ಳೆಯದಾಯಿತು. ನನಗೆ ಇಂಥ ಹೆಂಗಸರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅವರಿಗೆ ಬದುಕಬೇಕು ಎಂಬ ಆಸೆ ಜಾಸ್ತಿ, ಅದಕ್ಕೇ ಮುಚ್ಚಿಡುತ್ತಾರೆ.

ಅವರಿಗೆ ಹೀಗೆ ಹೇಳಿ. ಡೋಸ್ ಇಳಿಸುವುದು ಡಾಕ್ಟರ್ ಮನಸ್ಸಿಗೆ ತೋಚಿದ್ದಲ್ಲ. ಔಷಧಿಯ ನಿಯಮದಲ್ಲೇ ಬರೆದಿದೆ: ತೊಂದರೆ ಜೋರಾದರೆ ಅಥವಾ ಮರುಕಳಿಸಿದರೆ ಮೊದಲು ಮುಕ್ಕಾಲು, ಆಗಲೂ ತಾಳದಿದ್ದರೆ ಅರ್ಧ. ಪೂರ್ತಿ ಡೋಸ್ ಎಲ್ಲರಿಗೂ ಹೊಂದುವುದಿಲ್ಲ ಎಂದು ಮೊದಲೇ ಗೊತ್ತಿದ್ದು ಮಾಡಿದ ಏರ್ಪಾಡು. ಮುಕ್ಕಾಲು ಡೋಸಿನಲ್ಲಿ ಎಂಟು ಸೈಕಲ್ ಮುಗಿಸಿದವರನ್ನು ನಾನು ಬಾಗಿಲವರೆಗೆ ಬೀಳ್ಕೊಟ್ಟಿದ್ದೇನೆ. ಪೂರ್ತಿ ಡೋಸಿಗೆ ಹಟ ಹಿಡಿದು ಐದನೇ ಸೈಕಲ್‌ಗೇ ಹಾಸಿಗೆ ಹಿಡಿದು, ಮುಂದಿನದು ಪೂರ್ತಿ ರದ್ದಾದವರನ್ನೂ ನೋಡಿದ್ದೇನೆ.

ಮಾತಿನಿಂದ ಆಗದಿದ್ದರೆ ಇವತ್ತು ರಾತ್ರಿ ಊಟಕ್ಕೆ ಮುಂಚೆ ಅವರನ್ನು ಕೂರಿಸಿ, ಕಾಲುಚೀಲ ತೆಗೆದು, ಕ್ರೀಮ್ ನೀವೇ ಹಚ್ಚಿ. ಉಜ್ಜಬೇಡಿ, ಮೆಲ್ಲಗೆ ಸವರಿ. ಹಿಮ್ಮಡಿ, ಹೆಬ್ಬೆರಳ ಬುಡ, ಬೆರಳ ಸಂದು ಬೆಳಕಿನಲ್ಲಿ ನೋಡಿ. ನೀವು ಮುಟ್ಟಿದಾಗ ಅವರು ಕಾಲು ಎಳೆದುಕೊಂಡರೆ, ಎಲ್ಲಾದರೂ ಗುಳ್ಳೆ ಕಂಡರೆ, ಊಟ ಬಡಿಸಿ, ಮಾತ್ರೆ ಡಬ್ಬಿ ತೆರೆಯಬೇಡಿ. ವಾರ್ಡಿಗೆ ಫೋನ್ ಮಾಡಿ. ರಾತ್ರಿ ಪಾಳಿಯಲ್ಲೂ ನಮ್ಮಂಥವರು ಇರುತ್ತಾರೆ.